ನಳಿಗೆಗೆ ಖಂಡೇಪೂಜೆಯೊಂದೇ ಸಾಲದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಪರವಾನಗಿ ಬಂದೂಕಿಗೆ ವರ್ಷದ ದೊಡ್ಡ ದಿನವೆಂದರೆ ಖಂಡೇನವಮಿ. ಕುಡ, ಕುಡಗೋಲುಗಳ ಜೊತೆ ಅದನ್ನೂ ಒರೆಸಿ, ಎಣ್ಣೆ ಹಚ್ಚಿ, ಕುಂಕುಮವಿಟ್ಟು ಪೂಜಿಸುತ್ತಾರೆ. ಆಯುಧವನ್ನು ಗೌರವದಿಂದ ಕಾಣುವ ಈ ಪದ್ಧತಿ ಉಳಿಯಬೇಕು. ಆದರೆ ನಳಿಗೆಯ ಆರೈಕೆಯನ್ನು ಆ ಒಂದು ದಿನಕ್ಕೇ ಮುಗಿಸುವ ರೂಢಿಯನ್ನು ಒಪ್ಪಲಾಗದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಈಗಿರುವವು ಬೆಳೆ ಕಾಯಲು, ಆತ್ಮರಕ್ಷಣೆಗೆ ಇಟ್ಟುಕೊಂಡ ಬಂದೂಕುಗಳು. ಹಾರಿಸದ ಬಂದೂಕಿಗೆ ಏನಾದೀತು ಎಂಬ ಉದಾಸೀನ ಇಲ್ಲಿಂದಲೇ ಹುಟ್ಟುತ್ತದೆ. ನಳಿಗೆಯನ್ನು ತಿನ್ನುವುದು ತೇವ. ಅದಕ್ಕೆ ಗುಂಡು ಹಾರಲೇಬೇಕೆಂದಿಲ್ಲ.

ಎಷ್ಟು ಸಲ ಸ್ವಚ್ಛಗೊಳಿಸಬೇಕೆಂಬುದು ಬಂದೂಕಿನ ಜಾತಿಯನ್ನು ಅವಲಂಬಿಸಿದೆ. ಕರಿಮದ್ದು ತುಂಬಿ ಹೊಡೆಯುವ ಹಳೆಯ ಬಂದೂಕಿನಲ್ಲಿ ಉಳಿಯುವ ಮಸಿಯಲ್ಲಿ ಉಪ್ಪಿನಂಶವಿದ್ದು, ಅದು ಗಾಳಿಯ ತೇವವನ್ನು ಹೀರುತ್ತದೆ. ಬರೀ ಎಣ್ಣೆಗೆ ಅದು ಕರಗದು. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಇಂದಿನ ಕಾಡತೂಸಿನ 12 ಬೋರಿಗೆ ಅದೇ ಸಂಜೆ ಒಮ್ಮೆ ಬ್ರಷ್ ಆಡಿಸಿ, ಎಣ್ಣೆಬಟ್ಟೆ ಎಳೆದರೆ ಸಾಕು. ಇಶಾಪುರ ಕಾರ್ಖಾನೆಯ .315 ರೈಫಲ್‌ನಂಥದ್ದರ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅಲ್ಲಿ ಅತಿಯಾಗಿ ಉಜ್ಜುವುದೂ ಕೆಡುಕೇ. ಬಾಯಿಯ ಕಡೆಯಿಂದ ಸಲಾಕೆ ತುರುಕಿದರೆ ಅಂಚು ಸವೆದು ಗುರಿ ತಪ್ಪುತ್ತದೆ. ಬೋಲ್ಟ್ ತೆಗೆದು ಹಿಂಬದಿಯಿಂದಲೇ ಹಾಕಬೇಕು.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡುವ ಸಂದರ್ಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2024ರಲ್ಲಿ ಚಿಕ್ಕೋಡಿ ಕ್ಷೇತ್ರದ ಮತದಾನ ಮೇ 7ಕ್ಕೆ, ಫಲಿತಾಂಶ ಜೂನ್ 4ಕ್ಕೆ. ಇಂಥ ವರ್ಷ ಬಂದೂಕು ಮನೆಗೆ ಮರಳುವುದು ಮುಂಗಾರಿನ ಹೊತ್ತಿಗೆ. ಒಪ್ಪಿಸುವ ಮುನ್ನ ಒಮ್ಮೆ, ತಂದ ದಿನ ಒಮ್ಮೆ ನಳಿಗೆ ನೋಡಲೇಬೇಕು. ಕ್ಯಾನ್ವಾಸ್ ಅಥವಾ ಚರ್ಮದ ಚೀಲದಲ್ಲೇ ಇಟ್ಟರೆ ತೇವ ಅಲ್ಲೇ ನಿಲ್ಲುತ್ತದೆ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಹಾರಿಸಿದಾಗಲೆಲ್ಲ ಅದೇ ದಿನ, ಉಳಿದಂತೆ ಖಂಡೇನವಮಿಗೆ: ಇದು ನನ್ನ ತೀರ್ಮಾನ. ಪ್ರತಿ ಸಲವೂ ಮೊದಲು ಬಂದೂಕು ಖಾಲಿಯಿದೆಯೇ ಎಂದು ಕಣ್ಣಾರೆ ನೋಡಿ. ಹಾರಿಸುವ ಮುನ್ನ ನಳಿಗೆಯ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ, ಒಳಗೆ ಏನೂ ಸಿಕ್ಕಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕಟ್ಟಿದ ನಳಿಗೆ ಸಿಡಿದರೆ ಹೋಗುವುದು ಹಿಡಿದವನ ಕೈ, ಕಣ್ಣು.