ಬಾಸೆಲ್ ಮಿಷನ್: ಕೊಟ್ಟದ್ದು ಮತ್ತು ಕೈಬಿಡದೆ ಹಿಡಿದದ್ದು

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದರ ಹಣ ಮತ್ತು ಆಡಳಿತ ಬಹುಮಟ್ಟಿಗೆ ಅಲ್ಲಿನ ಶ್ರೀಮಂತ ಮನೆತನಗಳದು. ಹೊರನಾಡಿಗೆ ಹೋದ ಮಿಷನರಿಗಳಲ್ಲಿ ಬಹುಪಾಲು ಮಂದಿ ಪಕ್ಕದ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳೇ ಅವರಲ್ಲಿ ಹೆಚ್ಚು. ಬ್ರಿಟಿಷರಲ್ಲದ ಮಿಷನರಿಗಳೂ ಭಾರತದಲ್ಲಿ ನೆಲೆಸಲು ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ದಾರಿ ಮಾಡಿತು. ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು ಮಂಗಳೂರು ಸೇರಿದರು. ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ, ಕೊಡಗು, ಮಲಬಾರಿನವರೆಗೆ ಅವರ ಕೆಲಸ ಹರಡಿತು.

ಇಂಥ ಸಂಸ್ಥೆಗಳ ಸೇವೆಯನ್ನು ತೂಗುವಾಗ ಮೆಚ್ಚುವವರು ಶಾಲೆ, ಆಸ್ಪತ್ರೆಗಳನ್ನು ಎಣಿಸುತ್ತಾರೆ. ಮೆಚ್ಚದವರು ಮತಾಂತರಗಳನ್ನು ಎಣಿಸುತ್ತಾರೆ. ಬಾಸೆಲ್ ಮಿಷನ್ನಿನ ವಿಷಯದಲ್ಲಿ ಈ ಎರಡು ಎಣಿಕೆಗಳೂ ಸಾಲವು. ಕೊಡುವವರು ಎದ್ದು ಹೋದ ಮೇಲೆ ಊರಿನವರ ಕೈಯಲ್ಲಿ, ಅವರದೇ ಅಧಿಕಾರದಲ್ಲಿ ಏನು ಉಳಿಯಿತು ಎಂಬ ಪ್ರಶ್ನೆಯೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. 1914ರ ಮಹಾಯುದ್ಧ ಈ ಪ್ರಶ್ನೆಯನ್ನು ಯಾರೂ ಬಯಸದ ರೀತಿಯಲ್ಲಿ ಎತ್ತಿತು: ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರಕ್ಕೆ ಶತ್ರು ದೇಶದವರಾದರು, ಬಂಧನಕ್ಕೊಳಗಾದರು, ಎಂಬತ್ತು ವರ್ಷಗಳ ಕಟ್ಟಡ ಒಮ್ಮೆಲೇ ಯಜಮಾನರಿಲ್ಲದೆ ನಿಂತಿತು.

ಮಿಷನ್ನಿನ ದಾನಧರ್ಮದ ಕೆಲಸ ಆರಂಭವಾದದ್ದು ಕೇವಲ ಕರುಣೆಯಿಂದಲ್ಲ. ತಾನೇ ತಂದಿಟ್ಟ ಕಷ್ಟಕ್ಕೆ ಅದು ಉತ್ತರ ಹುಡುಕಬೇಕಾಯಿತು. ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರೇ ಹೆಚ್ಚು. ಕಳ್ಳು ಇಳಿಸುವ ಮೂರ್ತೆ ಕೆಲಸ, ಧಣಿಗಳ ಭೂಮಿಯಲ್ಲಿ ಗೇಣಿ ಸಾಗುವಳಿ, ದೈವಗಳ ಪೂಜೆ ಇವು ಅವರ ಬದುಕಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಮಿಷನರಿಗಳು ಹೆಂಡವನ್ನು ಪಾಪವೆಂದು ಬಗೆದವರು. ದೀಕ್ಷಾಸ್ನಾನ ಪಡೆದವನು ಮೂರ್ತೆ ಬಿಡಬೇಕಿತ್ತು. ದೈವದ ನೇಮಕ್ಕೆ ಹೋಗದವನನ್ನು ಮನೆಯವರೂ ಊರವರೂ ಹೊರಗಿಟ್ಟರು. ಧಣಿ ಗೇಣಿ ಭೂಮಿ ಬಿಡಿಸುವ ಅಪಾಯವೂ ಇತ್ತು. ಹೊಸ ಧರ್ಮಕ್ಕೆ ಬಂದವನಿಗೆ ಅನ್ನದ ದಾರಿ ಮುಚ್ಚಿತು. ಆ ದಾರಿಯನ್ನು ತೆರೆಯುವುದು ಮಿಷನ್ನಿನ ಹೊಣೆ ಎಂದು ಬಾಸೆಲಿನ ಸಮಿತಿ ನಿಧಾನವಾಗಿಯಾದರೂ ಒಪ್ಪಿಕೊಂಡಿತು. ಹೊಣೆ ಹೊತ್ತದ್ದು ಅದರ ಹೆಚ್ಚುಗಾರಿಕೆ. ಅನೇಕ ಮಿಷನ್‌ಗಳು ಇಂಥ ಸಂದರ್ಭದಲ್ಲಿ ಪ್ರಾರ್ಥನೆ ಹೇಳಿ ಕೈತೊಳೆದುಕೊಂಡಿವೆ.

ಮೊದಲ ಪ್ರಯತ್ನಗಳು ಭೂಮಿಯ ಮೇಲೆ ನಡೆದವು. ಗದಗ ಬಳಿಯ ಮಲ್ಲಸಮುದ್ರದಲ್ಲಿ 1841ರಲ್ಲಿ ಹೊಸ ಕ್ರೈಸ್ತರ ಕೃಷಿ ವಸಾಹತನ್ನು ಕಟ್ಟಲು ಹೊರಟದ್ದು ಕೈಗೂಡಲಿಲ್ಲ. ಕೊಡಗಿನಲ್ಲಿ ಹರ್ಮನ್ ಮೋಗ್ಲಿಂಗ್ ಜೀತದ ಆಳುಗಳ ಕುಟುಂಬಗಳಿಗಾಗಿ ಆನಂದಪುರವೆಂಬ ಹಳ್ಳಿಯನ್ನು ಕಟ್ಟಿದರು. ಆಳುತನದಿಂದ ಬಿಡುಗಡೆ ಪಡೆದವರಿಗೆ ಅದು ದೊಡ್ಡ ಆಸರೆಯಾಯಿತು. ಆದರೆ ಪ್ರತಿಯೊಂದು ಊರಿನ ಕ್ರೈಸ್ತ ಸಭೆಗೂ ಭೂಮಿ ಕೊಂಡುಕೊಡುವ ಶಕ್ತಿ ಮಿಷನ್ನಿಗೆ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮಗ್ಗದಲ್ಲಿ ಮತ್ತು ಆವೆಮಣ್ಣಿನಲ್ಲಿ. 1851ರಲ್ಲಿ ಮಂಗಳೂರಿಗೆ ಬಂದ ಯೋಹಾನ್ ಹಾಲರ್ ನೇಕಾರಿಕೆ ಬಲ್ಲವರು. ಐರೋಪ್ಯ ಮಾದರಿಯ ಮಗ್ಗಗಳನ್ನು ಹೂಡಿ, ಬಣ್ಣ ಕಟ್ಟುವ ಕೆಲಸವನ್ನೂ ಅವರು ಬೆಳೆಸಿದರು. ಖಾಕಿ ಬಣ್ಣ ಇಲ್ಲಿಯೇ ಹುಟ್ಟಿತೆಂಬ ಮಾತು ಕರಾವಳಿಯಲ್ಲಿ ಪ್ರಚಲಿತವಾಗಿದೆ. ವಾಯವ್ಯ ಗಡಿಯ ಗೈಡ್ಸ್ ಪಡೆ 1840ರ ದಶಕದಲ್ಲೇ ಮಣ್ಣುಬಣ್ಣದ ಸಮವಸ್ತ್ರ ತೊಟ್ಟಿತ್ತು. ಆದ್ದರಿಂದ ಆ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ. ಹಾಲರ್ ತಯಾರಿಸಿದ ಖಾಕಿ ಬಟ್ಟೆಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರಿತ್ತು ಎಂಬಷ್ಟನ್ನು ಹೇಳಬಹುದು.

ಹಂಚಿನ ಕಥೆ ಇನ್ನೂ ದೊಡ್ಡದು. ಅಚ್ಚುಕೂಟದ ಕೆಲಸಕ್ಕೆಂದು ಬಂದ ಗೇಯೋರ್ಗ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಮಣ್ಣು, ದೋಣಿಗಳಲ್ಲಿ ಸಾಗಿ ಬರುವ ಸೌದೆ, ಬಂದರಿಗೆ ಹತ್ತಿರದ ಜಾಗ, ಎಲ್ಲವೂ ಕೂಡಿ ಬಂದವು. ಮೊದಮೊದಲು ಮಣ್ಣು ಅರೆಯಲು ಎತ್ತುಗಳನ್ನು ಕಟ್ಟುತ್ತಿದ್ದರು. ಮುಂದೆ ಉಗಿಯಂತ್ರ ಬಂತು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಹಂಚು ಕರಾವಳಿಯ ಮಳೆಗೆ ಮುಳಿಹುಲ್ಲಿನ ಮಾಡಿಗಿಂತ ಎಷ್ಟೋ ಮೇಲು, ಬೆಂಕಿಯ ಭಯವೂ ಕಡಿಮೆ. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡು, ಫೆರೋಕ್‌ಗಳಲ್ಲಿಯೂ ಮಿಷನ್ನಿನ ಕಾರ್ಖಾನೆಗಳು ಎದ್ದವು; ಮಂಗಳೂರು ಹಂಚು ಕಡಲಾಚೆಯ ಊರುಗಳಿಗೂ ಹೋಯಿತು. ಹಂಚಿನ ಕೌಶಲ ಬಹುಬೇಗ ಮಿಷನ್ನಿನ ಬೇಲಿ ದಾಟಿತು: 1868ರಷ್ಟು ಹಿಂದೆಯೇ ಮಂಗಳೂರಿನ ಕ್ಯಾಥೊಲಿಕ್ ಉದ್ಯಮಿ ಅಲ್ಬುಕರ್ಕ್ ತಮ್ಮ ಕಾರ್ಖಾನೆ ಹೂಡಿದರು, ಅವರ ಹಿಂದೆ ಇತರರೂ ಬಂದರು. ಮತ ಬದಲಿಸದ ಸಾವಿರಾರು ಮನೆಗಳಿಗೂ ಇದರಿಂದ ಕೂಲಿ ಸಿಕ್ಕಿತು. ಮಿಷನ್ ಮನಸ್ಸಿಟ್ಟು ಮಾಡಿದ ದಾನಗಳಲ್ಲಿ ಹಲವು ಇಷ್ಟು ದೂರ ತಲುಪಲಿಲ್ಲ.

ಕಾರ್ಖಾನೆಯ ಒಳಗಿನ ವ್ಯವಸ್ಥೆಯನ್ನು ನೋಡಿದರೆ ಮೆಚ್ಚುಗೆಗೆ ಮಿತಿ ಬೀಳುತ್ತದೆ. 1859ರಲ್ಲಿ ಬಾಸೆಲಿನಲ್ಲಿ ಮಿಷನ್ನಿನ ವ್ಯಾಪಾರ ಕಂಪನಿಯನ್ನು ಸ್ಥಾಪಿಸಲಾಯಿತು. ಷೇರುದಾರರ ಲಾಭಾಂಶಕ್ಕೆ ಮಿತಿ ಹಾಕಿ, ಮಿಕ್ಕ ಲಾಭ ಮಿಷನ್ನಿನ ಕೆಲಸಕ್ಕೆ ಸಲ್ಲುವಂತೆ ಅದನ್ನು ರೂಪಿಸಲಾಗಿತ್ತು. ಆ ಕಾಲದ ವಸಾಹತು ವ್ಯಾಪಾರದಲ್ಲಿ ಇದು ಅಪರೂಪದ ಸಂಯಮ. ಆದರೆ ಮಣ್ಣು ತುಳಿದವರಿಗೆ, ಭಟ್ಟಿಯ ಮುಂದೆ ಬೆಂದವರಿಗೆ, ತಲೆಯ ಮೇಲೆ ಹಂಚು ಹೊತ್ತ ಹೆಂಗಸರಿಗೆ ಆ ಕಂಪನಿಯಲ್ಲಿ ಪಾಲು ಇರಲಿಲ್ಲ. ಅವರಿಗೆ ಮಾಲೀಕ, ಎಷ್ಟೋ ಕಡೆ ಮನೆಯ ಧಣಿ, ಮಕ್ಕಳ ಶಾಲೆಯ ವ್ಯವಸ್ಥಾಪಕ, ಭಾನುವಾರದ ಸಭೆಯ ಶಿಸ್ತಿನ ಅಧಿಕಾರಿ ಎಲ್ಲವೂ ಒಂದೇ ಸಂಸ್ಥೆ. ಕುಡಿದವನು, ಗುಟ್ಟಾಗಿ ದೈವಕ್ಕೆ ಹರಕೆ ಸಲ್ಲಿಸಿದವನು, ಸಭೆಯ ಒಪ್ಪಿಗೆಯಿಲ್ಲದೆ ಮದುವೆ ಮಾಡಿಕೊಂಡವನು ಸಭೆಯ ಶಿಕ್ಷೆಗೆ ಗುರಿಯಾಗುತ್ತಿದ್ದ. ಅದರ ಬಿಸಿ ಅವನ ಹೊಟ್ಟೆಪಾಡಿಗೂ ತಟ್ಟಬಹುದಿತ್ತು. ಧಣಿಯ ಹಿಡಿತದಿಂದ ಬಿಡಿಸಿಕೊಂಡ ಒಕ್ಕಲಿಗೆ ಇನ್ನೊಂದು ಹಿಡಿತ ಸಿಕ್ಕಿತು. ಹೊಸ ಯಜಮಾನ ದಯೆಯುಳ್ಳವನು ಎಂಬುದು ನಿಜ. ಹಾಗೆಂದು ಸಂಬಂಧದ ಸ್ವರೂಪ ಬದಲಾಗುವುದಿಲ್ಲ.

ಜಾತಿಯ ವಿಷಯದಲ್ಲಿ ಮಾತ್ರ ಮಿಷನ್ನಿನ ಹಟಕ್ಕೆ ಮನ್ನಣೆ ಸಲ್ಲಬೇಕು. ತಮಿಳುನಾಡಿನ ಕೆಲವು ಲೂಥರನ್ ಮಿಷನ್‌ಗಳು ಚರ್ಚಿನೊಳಗೂ ಜಾತಿಭೇದವನ್ನು ಸಹಿಸಿಕೊಂಡಾಗ, ಬಾಸೆಲಿನವರು ಒಂದೇ ಬೆಂಚು, ಒಂದೇ ಪಾತ್ರೆ ಎಂಬುದನ್ನು ಬಿಡಲಿಲ್ಲ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಸಾರಸ್ವತ ಯುವಕರು ದೀಕ್ಷಾಸ್ನಾನ ಪಡೆದಾಗ ಊರು ಕೆರಳಿತು. ಕೌಂಡಿನ್ಯರು ಬಾಸೆಲಿನಲ್ಲಿ ಓದಿ 1851ರಲ್ಲಿ ಪೂರ್ಣ ಮಿಷನರಿಯಾಗಿ ಮರಳಿದರು, ಮಂಗಳೂರಿನ ಬಲ್ಮಠದಲ್ಲಿದ್ದ ಮಿಷನ್ನಿನ ಸೆಮಿನರಿಯಲ್ಲಿ ಕಲಿಸಿದರು. ಐರೋಪ್ಯರಿಗೆ ಸಮಾನವಾದ ಸ್ಥಾನ ಅವರಿಗೆ ಸಿಕ್ಕಿತು. ಅವರ ನಂತರದ ನಾಡಿನ ಸಭಾಪಾಲಕರಿಗೂ ಉಪದೇಶಿಗಳಿಗೂ ಅದು ಸಿಗಲಿಲ್ಲ. ನೇಮಕ, ವರ್ಗಾವಣೆ, ಹಣದ ತೀರ್ಮಾನಗಳು ಬಾಸೆಲಿನಲ್ಲೋ ಬಿಳಿಯ ಮಿಷನರಿಗಳ ಸಭೆಯಲ್ಲೋ ಆಗುತ್ತಿದ್ದವು. ಜಾತಿಯನ್ನು ಅಷ್ಟು ದಿಟ್ಟವಾಗಿ ಎದುರಿಸಿದವರು ತಮ್ಮ ಮತ್ತು ನಾಡಿನವರ ನಡುವಿನ ಮೇಲುಕೀಳನ್ನು ಎದುರಿಸಲಿಲ್ಲ. ಮಿಷನ್ನಿನ ಅತಿ ದೊಡ್ಡ ಸೋಲು ಇದೇ.

ಭಾಷೆಯ ಕೆಲಸದಲ್ಲಿ ಚಿತ್ರ ಬೇರೆ. ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಊರಿನ ಸುದ್ದಿ, ಸರ್ಕಾರದ ಆಜ್ಞೆ, ಪರದೇಶದ ವರ್ತಮಾನ, ನೀತಿಕಥೆಗಳು ಅದರಲ್ಲಿ ಇರುತ್ತಿದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಯಿತು. ಮುಂದೆ ಅವರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಮಾಡಿಸಿದರು. ಓಲೆಗರಿಯಲ್ಲಿಯೂ ಬಾಯಿಯಲ್ಲಿಯೂ ಉಳಿದಿದ್ದ ಸಾಹಿತ್ಯ ಪುಸ್ತಕವಾಗಿ ಕೈಗೆ ಬಂತು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದು ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ಗಳನ್ನು ಸಂಪಾದಿಸಿದರು, ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಅಚ್ಚುಕೂಟದಿಂದ ಹೊರಬಂತು. ಕಿಟೆಲರ ಪಾಂಡಿತ್ಯದ ಹುಚ್ಚು ಮಿಷನ್ನಿನ ಹಿರಿಯರಿಗೆ ಎಂದೂ ಪೂರ್ತಿ ಹಿಡಿಸಲಿಲ್ಲ. ಧರ್ಮಪ್ರಚಾರಕ್ಕೆ ಅಷ್ಟು ಶಾಸ್ತ್ರ ಏಕೆ ಬೇಕೆಂಬ ಅಸಮಾಧಾನ ಅವರಲ್ಲಿತ್ತು. ಜೊತೆಗೆ ಕುಳಿತು ಪದ, ಪ್ರಯೋಗ, ಗಾದೆಗಳನ್ನು ಒದಗಿಸಿದ ಪಂಡಿತರ ಶ್ರಮವೂ ಆ ನಿಘಂಟಿನಲ್ಲಿದೆ, ಶೀರ್ಷಿಕೆ ಪುಟದಲ್ಲಿರುವ ಹೆಸರು ಒಂದೇ ಆದರೂ.

ತುಳುವಿನಲ್ಲಿಯೂ ಇದೇ ಬಗೆ. ಔಗುಸ್ಟ್ ಮೆನ್ನರ್ 1886ರಲ್ಲಿ ತುಳು ನಿಘಂಟನ್ನು ಕೊಟ್ಟರು, ಭೂತಗಳ ಪಾಡ್ದನಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಕ್ರೈಸ್ತನಾದ ಬಿಲ್ಲವ ಕಿವಿಗೊಡಬಾರದ ಹಾಡುಗಳು ಅವು. ಹೊಸ ವಿಶ್ವಾಸಿಗೆ ನಿಷೇಧಿಸಿದ್ದನ್ನೇ ಓದುಗರಿಗಾಗಿ ಕಾಪಾಡಿದ ಈ ಕೆಲಸವನ್ನು ಶತ್ರುವಿನ ಬಲ ತಿಳಿಯುವ ತಂತ್ರ ಎಂದು ತಳ್ಳಿಹಾಕುವುದು ಸುಲಭ. ಹಾಳೆಗಳನ್ನು ತಿರುವಿದರೆ ಕಾಣುವ ಶ್ರದ್ಧೆಗೆ ಆ ವಿವರಣೆ ಸಾಲದು. ಭಾಷೆಯ ಮುಂದೆ ಈ ಮಿಷನರಿಗಳು ವಿದ್ಯಾರ್ಥಿಗಳಾಗಿ ಕುಳಿತರು, ನಾಡಿನವರಿಂದ ಕಲಿತರು. ಸಭೆಯಲ್ಲೂ ಕಾರ್ಖಾನೆಯಲ್ಲೂ ಅವರು ಹಾಗೆ ಕುಳಿತದ್ದಿಲ್ಲ. ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿಯೂ ಇದೇ ಸಂಸ್ಥೆಯ ಕ್ರಿಸ್ಟಾಲರ್ 1881ರಲ್ಲಿ ಟ್ವಿ ಭಾಷೆಯ ನಿಘಂಟನ್ನು ಹೊರತಂದರು; ಅಲ್ಲಿಯೂ ಕಾರ್ಯಾಗಾರಗಳು, ವ್ಯಾಪಾರ, ಬಿಗಿ ಶಿಸ್ತಿನ ಕ್ರೈಸ್ತ ಕೇರಿಗಳು ಜೊತೆಗಿದ್ದವು.

ಮಿಷನ್ ಎಬ್ಬಿಸಿದ ಪ್ರಶ್ನೆಗಳಿಗೆ ಊರಿನವರು ತಮ್ಮದೇ ಉತ್ತರಗಳನ್ನೂ ಕೊಟ್ಟರು. ದಲಿತ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ಮೇಲ್ಜಾತಿಯವರು ಹಿಂಜರಿದಾಗ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಉಂಡರು. ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದ ಬಿಲ್ಲವರು ನಾರಾಯಣ ಗುರುಗಳನ್ನು ಕರೆಸಿ 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸಿಕೊಂಡರು. ಮತಾಂತರಕ್ಕೆ ದೂಡಿದ ಅವಮಾನ ನಿಜವಾದದ್ದೆಂದು ಈ ಎರಡೂ ಪ್ರಯತ್ನಗಳು ಒಪ್ಪಿದವು. ಆಮಿಷದ ಮಾತೆತ್ತಿ ಮಿಷನ್ನನ್ನು ಬಯ್ಯುವವರು ಆ ಅವಮಾನದ ಬಗ್ಗೆ ಮೌನವಾಗಿರುವುದು ಅನ್ಯಾಯ. ಹಸಿದವನಿಗೆ ಕೂಲಿ ಕೊಟ್ಟು ಅವನ ನಂಬಿಕೆಯ ಮೇಲೆ ಹಕ್ಕು ಸಾಧಿಸುವುದೂ ಅಷ್ಟೇ ಅನ್ಯಾಯ. ಕೂಲಿ ಮತ್ತು ಪ್ರಾರ್ಥನೆಯ ನಡುವೆ ಗೋಡೆ ಇಲ್ಲದಿದ್ದುದರಿಂದ ಮಿಷನ್ ಈ ಆರೋಪದಿಂದ ಪೂರ್ತಿ ಪಾರಾಗಲಾರದು.

ಯುದ್ಧ ಬಂದಾಗ ಈ ಕೆಲಸಗಳಿಗೆಲ್ಲ ಒಂದೇ ಗತಿ ಒದಗಲಿಲ್ಲ. ಕಾರ್ಖಾನೆಗಳು ಸರ್ಕಾರದ ವಶವಾಗಿ, ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ರಚನೆಯಾದ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಎರಡು ಮೂರು ತಲೆಮಾರು ಅಲ್ಲಿ ದುಡಿದವರನ್ನು ಯಾರೂ ಕೇಳಲಿಲ್ಲ. ಅವರ ಯಜಮಾನನ ಊರು ಬಾಸೆಲಿನಿಂದ ಲಂಡನ್ನಿಗೆ ಬದಲಾಯಿತು, ಅಷ್ಟೆ. ಕಾರ್ಮಿಕರ ಸಹಕಾರ ಸಂಘವನ್ನು ಕಟ್ಟಲು ಐವತ್ತು ವರ್ಷಗಳ ಕಾಲಾವಕಾಶವಿತ್ತು. ಅದನ್ನು ಮಾಡದೆ ಹೋದದ್ದರ ಬೆಲೆಯನ್ನು ಕಾರ್ಮಿಕರು ತೆತ್ತರು. ಸಭೆಗಳ ಸ್ಥಿತಿ ಅಷ್ಟು ಕೆಡಲಿಲ್ಲ. ಹೊರಗಿನಿಂದ ಬಂದ ಸಂಬಳ ನಿಂತಾಗ ನಾಡಿನ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು ಕೆಲಸ ಬಿಡಲಿಲ್ಲ. ಅಧಿಕಾರವಿಲ್ಲದೆ ಬಹುಕಾಲ ದುಡಿದವರು ಅಧಿಕಾರ ಬಂದಾಗ ಅದನ್ನು ನಿಭಾಯಿಸಿದರು. ಮುಂದೆ ಈ ಸಭೆಗಳು ದಕ್ಷಿಣ ಭಾರತ ಸಭೆ ಎಂಬ ಒಂದುಗೂಡಿದ ಚರ್ಚನ್ನು ಸೇರಿದವು.

ಧಾರವಾಡ ಸೀಮೆಯ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಈ ತಲೆಮಾರಿನವರು. ಮಿಷನ್ನಿನ ಉಪದೇಶಕರಾಗಿದ್ದೇ ಅವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಪುಸ್ತಕ ಹಿಂದೂ ಧರ್ಮವನ್ನು ಗೌರವದಿಂದ ಮಾತಾಡಿಸುತ್ತದೆ. ಇದಕ್ಕಾಗಿ ಮಿಷನ್ನಿನ ಹಿರಿಯರ ಜೊತೆ ಅವರಿಗೆ ತಿಕ್ಕಾಟವಾಯಿತು. ಕಿಟೆಲರ ಶಿಸ್ತನ್ನು ಕಲಿತು, ವಿದೇಶಿ ಹಿರಿಯರ ಅಪ್ಪಣೆ ಕಾಯದೆ ನಡೆದ ಅವರನ್ನು 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ನಾಡು ಆರಿಸಿತು.

ವೈದ್ಯಕೀಯ ಸೇವೆಯಲ್ಲಿ ಮಿಷನ್ ಇದ್ದುದರಲ್ಲಿ ತಡವಾಗಿ ಹೆಜ್ಜೆಯಿಟ್ಟಿತು. ಬೆಟಗೇರಿಯ ಆಸ್ಪತ್ರೆ ಉತ್ತರದ ಬಯಲುಸೀಮೆಯಲ್ಲಿ ಹೆಸರಾಯಿತು. ಉಡುಪಿಯಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಚಿಕಿತ್ಸೆ ಕೊಡಲು ಆಸ್ಪತ್ರೆ ಆರಂಭಿಸಿದರು. ಗಂಡು ವೈದ್ಯರ ಮುಂದೆ ಬಾರದ ಬಸುರಿಯರು ಅಲ್ಲಿಗೆ ಬಂದರು. ಹುಡುಗಿಯರಿಗೆ ದಾದಿಯ ಕೆಲಸ ಕಲಿಸುವುದೂ ಅಲ್ಲಿ ಬೆಳೆಯಿತು. ಲೊಂಬಾರ್ಡರ ಹೆಸರಿನ ಆ ಆಸ್ಪತ್ರೆಯನ್ನು ಈಗ ದಕ್ಷಿಣ ಭಾರತ ಸಭೆಯ ಅಧೀನದಲ್ಲಿ ಇಲ್ಲಿನವರೇ ನಡೆಸುತ್ತಿದ್ದಾರೆ. ಅದೇ ಬಗೆಯಲ್ಲಿ ಬಲ್ಮಠದ ಹಳೆಯ ಸೆಮಿನರಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಗಿ ಮುಂದುವರಿದಿದೆ. ಮಿಷನ್ ಕಾಲದ ಕನ್ನಡ, ತುಳು ಪುಸ್ತಕಗಳ ಸಂಗ್ರಹ ಅಲ್ಲಿದೆ. ಹಂಚಿನ ಕಾರ್ಖಾನೆಗಳು, ಮಿಷನ್ನಿನವೂ ಊರವರವೂ, ಕಾಂಕ್ರೀಟು ತಾರಸಿ ಬಂದ ಮೇಲೆ ಮತ್ತು ಆವೆಮಣ್ಣು ದುರ್ಲಭವಾದ ಮೇಲೆ ಒಂದೊಂದಾಗಿ ಬಾಗಿಲು ಮುಚ್ಚುತ್ತ ಬಂದಿವೆ.