ಪೆನ್ನಿ ರೋಲ್ ನಕ್ಕ ಪುಟ

ಹೇಳಿದ ಮಾತು ಕೇಳದ ಹೆಂಗಸರನ್ನು ಬೇರೊಂದು ಗ್ರಹದ ಸೆರೆಮನೆಗೆ ಸಾಗಹಾಕುವ ಕಾಲ. ಆಳುವವರು ತಮ್ಮನ್ನು ‘ಫಾದರ್ಸ್’ ಎಂದು ಕರೆದುಕೊಳ್ಳುತ್ತಾರೆ. ಕೆಲ್ಲಿ ಸ್ಯೂ ಡಿಕಾನಿಕ್ ಬರೆದು, ವ್ಯಾಲಂಟೈನ್ ಡಿ ಲ್ಯಾಂಡ್ರೊ ಚಿತ್ರ ಬರೆದ ‘ಬಿಚ್ ಪ್ಲಾನೆಟ್’ 2014ರ ಡಿಸೆಂಬರ್‌ನಲ್ಲಿ ಅಮೆರಿಕದ ಇಮೇಜ್ ಕಾಮಿಕ್ಸ್‌ನಿಂದ ಹೊರಬರತೊಡಗಿತು.

1970ರ ದಶಕದಲ್ಲಿ ಹೆಂಗಸರ ಜೈಲಿನ ಅಗ್ಗದ ಸಿನಿಮಾಗಳು ಸಾಲುಸಾಲಾಗಿ ಬಂದವು. ಕೈದಿಗಳ ಮೈ ತೋರಿಸಿ ಟಿಕೆಟ್ ಮಾರುವುದೇ ಅವುಗಳ ಕಸುಬು. ಈ ಕಾಮಿಕ್ಸ್ ಅದೇ ವೇಷ ತೊಟ್ಟು ನೋಡುವವನ ಮೇಲೆಯೇ ತಿರುಗಿಬೀಳುತ್ತದೆ. ಮೊದಲ ಸಂಚಿಕೆಯಲ್ಲಿ ಮೇರಿಯನ್ ಎಂಬ ಬಿಳಿಯ ಗೃಹಿಣಿ ತಾನು ತಪ್ಪಿ ಬಂದವಳೆಂದು ಅಂಗಲಾಚುತ್ತಾಳೆ. ಇವಳೇ ನಾಯಕಿ ಎಂದು ನಂಬಿ ಪುಟ ತಿರುವುತ್ತೇವೆ. ಸಂಚಿಕೆ ಮುಗಿಯುವಷ್ಟರಲ್ಲಿ ಅವಳು ಹೆಣ. ಕಥೆ ಕಮಾವು ಕೋಗೊ ಎಂಬ ಕಪ್ಪು ಕ್ರೀಡಾಪಟುವಿನ ಕೈಗೆ ಹೋಗುತ್ತದೆ. ಕೈಚಳಕವೇನೋ ಸರಿ, ಆದರೆ ಒಮ್ಮೆ ಮಾತ್ರ ನಡೆಯುವಂಥದ್ದು.

ನಿಜವಾದ ಕಸುವು ಮೂರನೇ ಸಂಚಿಕೆಯಲ್ಲಿದೆ. ಪೆನ್ನಿ ರೋಲ್ ಭಾರೀ ಮೈಕಟ್ಟಿನವಳು, ಅಜ್ಜಿಯ ಅಡುಗೆಮನೆಯಲ್ಲಿ ಬೆಳೆದವಳು. ಅವಳ ಮೇಲಿನ ಆರೋಪಗಳಲ್ಲಿ ದಪ್ಪಗಿರುವುದೂ ಒಂದು! ಅಧಿಕಾರಿಗಳು ಅವಳನ್ನು ಯಂತ್ರಕ್ಕೆ ಬಿಗಿದು, ಅವಳ ಮನಸ್ಸಿನಲ್ಲಿರುವ ಆದರ್ಶ ರೂಪವನ್ನು ಪರದೆಗೆ ತರುತ್ತಾರೆ. ತೆಳ್ಳನೆಯ ಸುಂದರಿಯೊಬ್ಬಳು ಮೂಡುತ್ತಾಳೆಂದು ಕಾದವರಿಗೆ ಕಾಣುವುದು ಈಗಿರುವ ಪೆನ್ನಿಯೇ. ಅವಳು ನಗುತ್ತಾಳೆ. ಇಲ್ಲಿ ಭಾಷಣವಿಲ್ಲ, ಘೋಷಣೆಯಿಲ್ಲ. ಹೆಣ್ಣಿಗೆ ತನ್ನ ಮೈಯ ಬಗ್ಗೆ ನಾಚಿಕೆ ಇದ್ದೇ ಇರುತ್ತದೆಂಬ ಲೆಕ್ಕಾಚಾರದ ಮೇಲೆ ಕಟ್ಟಿದ ಆಡಳಿತ ಆ ನಗುವಿನ ಮುಂದೆ ಪೆದ್ದಾಗಿ ನಿಲ್ಲುತ್ತದೆ. ಓದುಗರು ಕೃತಿಯ ‘ಎನ್‌ಸಿ’ (ನಾನ್-ಕಂಪ್ಲಯಂಟ್, ಅಂದರೆ ಹೇಳಿದ ಮಾತು ಕೇಳದವಳು) ಗುರುತನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡದ್ದರ ಹಿಂದೆ ಈ ಪುಟದ ಪಾಲು ದೊಡ್ಡದಿರಬೇಕು ಎಂದು ನನ್ನ ಊಹೆ.

ಇಷ್ಟು ಸೂಕ್ಷ್ಮತೆ ಗಂಡಸರ ಪಾತ್ರಗಳಿಗೆ ದಕ್ಕಿಲ್ಲ. ‘ಫಾದರ್ಸ್’ ಬಳಗದವರು ಒಬ್ಬರಿಂದೊಬ್ಬರನ್ನು ಗುರುತಿಸಲಾಗದ ರಟ್ಟಿನ ಖಳರು. ಇಂಥ ಆಡಳಿತ ಉಳಿಯುವುದು ಸಭ್ಯರ, ಮೃದುಮಾತಿನವರ ನೆರವಿನಿಂದ. ಅಂಥವರು ಇಲ್ಲಿ ಕಡಿಮೆ. ಕೈದಿಗಳಲ್ಲೊಬ್ಬಳಾದ ಮೀಕೋಳ ತಂದೆ, ವಾಸ್ತುಶಿಲ್ಪಿ ಮಾಕೋಟೊ ಮಾಕಿ ಮಾತ್ರ ಇದಕ್ಕೆ ಹೊರತು. ಮೀಕೋ ಸತ್ತ ಮೇಲೆ, ಆರನೇ ಸಂಚಿಕೆಯಲ್ಲಿ, ಅವಳ ಮನೆಯ ಕಥೆ ಬರುತ್ತದೆ. ಆ ತಡವೇ ಓದುಗನನ್ನು ಇರಿಯುತ್ತದೆ. ಸಂಚಿಕೆಗಳ ಕೊನೆಯ ಹುಸಿ ಜಾಹೀರಾತುಗಳು ಕಿಲಾಡಿಯಾಗಿವೆ. ಕೆಲವಂತೂ ಕಥೆಗಿಂತ ಚುರುಕು.

ಎರಡನೇ ಸಂಪುಟದಲ್ಲಿ ಸೆರೆಯಲ್ಲಿರುವ ಮಾಜಿ ಅಧ್ಯಕ್ಷೆ ಬಂದಾಗ ರಾಜಕೀಯ ಹಿಗ್ಗುತ್ತದೆ, ವ್ಯಕ್ತಿಗಳು ಕುಗ್ಗುತ್ತಾರೆ. 2017ರಲ್ಲಿ, 10ನೇ ಸಂಚಿಕೆಯೊಂದಿಗೆ ಮುಖ್ಯ ಕಥೆ ನಡುದಾರಿಯಲ್ಲೇ ನಿಂತಿತು. ಅದೇ ವರ್ಷ ಬೇರೆ ಬೇರೆ ಲೇಖಕರು ಬರೆದ ‘ಟ್ರಿಪಲ್ ಫೀಚರ್’ ಸರಣಿ ಆ ಕೊರತೆ ತುಂಬುವಂಥದ್ದಲ್ಲ. ಮೊದಲ ಸಂಪುಟವನ್ನು ದುಡ್ಡು ಕೊಟ್ಟು ಕೊಳ್ಳಿ. ಎರಡನೆಯದನ್ನು ಗೆಳೆಯರಿಂದ ಎರವಲು ತಂದರೆ ಸಾಕು.