ಅಪ್ಪಿಕೋ: ಯಾರ ಕಾಡು, ಯಾರ ಊರು?

ಅಪ್ಪಿಕೋ ಚಳವಳಿ ಎಂದೊಡನೆ ಮರ ತಬ್ಬಿ ನಿಂತ ಹಳ್ಳಿಗರ ಚಿತ್ರ ಕಣ್ಣಿಗೆ ಬರುತ್ತದೆ. 1983ರ ಸೆಪ್ಟೆಂಬರ್ 8ರಂದು ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿ ಆಸುಪಾಸಿನ ಜನ ಕಾಡಿಗೆ ಹೋಗಿ ಅರಣ್ಯ ಇಲಾಖೆ ಕಡಿಸುತ್ತಿದ್ದ ಮರಗಳ ಮುಂದೆ ಕೊಡಲಿಗೆ ಅಡ್ಡ ನಿಂತರು. ವಾರಗಟ್ಟಲೆ ಜಗ್ಗಲಿಲ್ಲ, ಕೊನೆಗೆ ಸರ್ಕಾರವೇ ಕಡಿತಲೆ ನಿಲ್ಲಿಸಿತು. ಹಿಮಾಲಯದ ಚಿಪ್ಕೋ ಚಳವಳಿಯ ಸ್ಫೂರ್ತಿಯಿತ್ತು, ಅದರ ಮುಂದಾಳು ಸುಂದರಲಾಲ್ ಬಹುಗುಣರ ಒಡನಾಟವಿತ್ತು, ಪಾಂಡುರಂಗ ಹೆಗಡೆಯವರ ಸಂಘಟನೆಯಿತ್ತು. ಆದರೆ ಬರೀ ಸ್ಫೂರ್ತಿಯಿಂದ ಯಾರೂ ಮಳೆಗಾಲದ ಕಾಡಿನಲ್ಲಿ ವಾರಗಟ್ಟಲೆ ನಿಲ್ಲಲಾರರು. ಯುವಕ ಮಂಡಳಿ ಊರಲ್ಲಿ ಮೊದಲೇ ಇತ್ತು. ಅದಕ್ಕೂ ಹಿಂದೆ ಬೇಡ್ತಿ ಜಲವಿದ್ಯುತ್ ಯೋಜನೆಗೆ ಎದುರಾಗಿ ಅಡಿಕೆ ಬೆಳೆಗಾರರು ತಮ್ಮ ಸಹಕಾರಿ ಸಂಘದ ಮೂಲಕವೇ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ ಲಾಭ-ನಷ್ಟದ ಲೆಕ್ಕ ಕೇಳಿದ್ದರು. ಊರು ಚಳವಳಿಯನ್ನು ಕಟ್ಟಿತು ಎಂಬುದರಲ್ಲಿ ಅನುಮಾನವಿಲ್ಲ. ತಿರುಗಿ ಚಳವಳಿ ಎಂಥ ಊರನ್ನು ಕಟ್ಟಿತು ಎಂಬುದನ್ನು ಮಾತ್ರ ನಾವು ಸಾಕಷ್ಟು ಕೇಳಿಲ್ಲ.

ಈ ಒಗ್ಗಟ್ಟಿನ ಬೇರು ಸೊಪ್ಪಿನಬೆಟ್ಟದಲ್ಲಿದೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಶಿರಸಿ-ಸಿದ್ದಾಪುರ ಸೀಮೆಯದು. ಗೊಬ್ಬರದ ಸೊಪ್ಪು, ಕೊಟ್ಟಿಗೆಯ ದರಕು, ಒಲೆಯ ಕಟ್ಟಿಗೆ ಎಲ್ಲ ಅಲ್ಲಿಂದಲೇ. ಸಹಜ ಕಾಡು ಬೋಳಿಸಿ ತೇಗ ನೆಟ್ಟರೆ ಏನು ಕಳೆಯುತ್ತದೆಂದು ತೋಟಿಗರಿಗೆ ಭಾಷಣ ಬೇಕಿರಲಿಲ್ಲ. ಆದರೆ ಬೆಟ್ಟದ ಸವಲತ್ತು ತೋಟವಿದ್ದವರದು. ಅದೇ ತೋಟದಲ್ಲಿ ಕೊನೆ ಕೊಯ್ಯುವ, ಸೊಪ್ಪು ಹೊರುವ ಕೂಲಿಕಾರರಿಗೆ ತೋಟವೂ ಇಲ್ಲ, ಬೆಟ್ಟವೂ ಇಲ್ಲ. ಸೊಪ್ಪು ಸವರಿ ಸವರಿ ಬೋಳಾದ ಬೆಟ್ಟಗಳೂ ಕಡಿಮೆಯೇನಿಲ್ಲ. ಕಾಡು ಕಳೆದದ್ದು ಅರಣ್ಯ ಇಲಾಖೆಯಿಂದ ಮಾತ್ರ ಎನ್ನುವಂತಿಲ್ಲ. ಉಳಿಸು, ಬೆಳೆಸು, ಬಳಸು ಎಂದು ಚಳವಳಿ ಘೋಷಿಸಿತು. ಯಾರು ಎಷ್ಟು ಬಳಸಬೇಕು ಎಂಬ ಕಷ್ಟದ ಪ್ರಶ್ನೆ ಅಷ್ಟೇ ಗಟ್ಟಿಯಾಗಿ ಕೇಳಿಬರಲಿಲ್ಲ.

ಕೊಡಲಿ ಎತ್ತಿದ ಹೊತ್ತಿನಲ್ಲಿ ಜಾತಿ, ಜಮೀನಿನ ಲೆಕ್ಕ ಬಗೆಹರಿಸುತ್ತ ಕೂತರೆ ಮರ ಉಳಿಯುತ್ತಿತ್ತೇ ಎಂದು ಕೇಳಬಹುದು. ಉಳಿಯುತ್ತಿರಲಿಲ್ಲ. ನೆಂಟರು, ಒಂದೇ ಸಂಘದ ಸದಸ್ಯರು ಆಗಿದ್ದವರ ಪರಸ್ಪರ ನಂಬಿಕೆಯೇ ಅಂದಿನ ಬಲ. ಆದರೆ ಆ ಅವಸರ ಉಳಿಸುವುದಕ್ಕೆ ಮಾತ್ರ ಸಲ್ಲುತ್ತದೆ; ಬೆಳೆಸಲು, ಬಳಸಲು ವರ್ಷಗಳೇ ಇದ್ದವು. ಬೇರೆ ದಾರಿ ಇರಲಿಲ್ಲವೆಂದೂ ಅಲ್ಲ. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ ಊರೊಟ್ಟಿನ ಭೂಮಿಯನ್ನು ನೀಲಗಿರಿಗೆ ಕೊಡಹೊರಟಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅದನ್ನು ಎದುರಿಸಿತು. ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಕಂಪನಿ 1991ರಲ್ಲಿ ಮುಚ್ಚಿತು. ದನ ಮೇಯಿಸುವವರು, ಸೌದೆ ಆಯುವವರು ಆ ‘ಕಿತ್ತಿಕೋ ಹಚ್ಚಿಕೋ’ ಹೋರಾಟದ ನಡುವಿನಲ್ಲೇ ಇದ್ದರು, ಏಕೆಂದರೆ ಪಣಕ್ಕಿದ್ದದ್ದು ಗೋಮಾಳದಂಥ ಎಲ್ಲರ ನೆಲ. ಕುಸನೂರು ಸಾಲ್ಕಣಿಗಿಂತ ದೊಡ್ಡದೆಂದು ಇದರರ್ಥವಲ್ಲ. ಯಾವ ನೆಲಕ್ಕಾಗಿ ಹೋರಾಡುತ್ತೇವೋ ಆ ನೆಲದ ಹಕ್ಕು ಹಂಚಿಕೆಯೇ ಜೊತೆಗೆ ನಿಲ್ಲುವವರನ್ನು ತೀರ್ಮಾನಿಸುತ್ತದೆ.

ಇಂದಿಗೂ ಉತ್ತರ ಕನ್ನಡದಲ್ಲಿ ಕಾಡು ಉಳಿಸುವವರ ಸಭೆ ಒಂದೆಡೆ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪಟ್ಟಾ ಕೇಳುವವರ ಸಭೆ ಇನ್ನೊಂದೆಡೆ ನಡೆಯುವುದೇ ಹೆಚ್ಚು. ಈಗ ಬೇಡ್ತಿ-ವರದಾ ನದಿ ಜೋಡಣೆಗೆ ವಿರೋಧ ಎದ್ದಿದೆ. ಅದರ ಮುಂದಾಳುಗಳು ತೋಟವಿಲ್ಲದವರನ್ನು ಜನ ಸೇರಿಸುವುದಕ್ಕಷ್ಟೇ ಕರೆಯದೆ, ತೀರ್ಮಾನ ಮಾಡುವ ಸಮಿತಿಯಲ್ಲೂ ಕೂರಿಸಲಿ.